ಹೇಮಚಂದ್ರ ಗುಡಿಗಾರನ ಜೀರ್ಣೋದ್ಧಾರ

ಐರ್ಲೆಂಡಿಗೆ ಬಂದ ಮೊದಲ ವಾರದಲ್ಲೇ ಹೇಮಚಂದ್ರ ಹೆಂಗಸಾದ. ಸ್ಯಾಂಟ್ರಿಯ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ ದಿನ ಅಲ್ಲಿನ ಸೂಪರ್‌ವೈಸರು ಬ್ಯಾಡ್ಜಿನ ಮೇಲಿನ ಹೆಸರನ್ನು ನೋಡಿ, ಇಷ್ಟುದ್ದದ್ದನ್ನು ದಿನವೂ ಯಾರು ಕೂಗಿಯಾರು ಅಂದುಕೊಂಡನೋ ಏನೋ, ನಡುವಿಗೆ ಕತ್ತರಿಸಿ ‘ಹೇಮಾ’ ಅಂದುಬಿಟ್ಟ. ಹುಟ್ಟೂರು ಸೊರಬದಲ್ಲಿ ಹೇಮಾ ಎಂದರೆ ಅವನ ಚಿಕ್ಕಮ್ಮ. ಅದನ್ನು ಇವರಿಗೆ ಹೇಳಿ ಪ್ರಯೋಜನವೇನು? ಗೋದಾಮಿನವರೆಲ್ಲ ಹೇಮಾ ಅಂದರು, ಪಕ್ಕದ ಮನೆಯ ನೋರೀನ್ ಮುದುಕಿ ಹೇಮಾ ಅಂದಳು, ಕೊನೆಗೆ ಸ್ಕೂಲಿನ ಗೇಟಿನಲ್ಲಿ ಮಗಳ ಟೀಚರೂ ಹೇಮಾ ಅಂದಳು. ಕರೆದಾಗ ತಿರುಗಿ ನೋಡುವುದನ್ನು ಅವನು ರೂಢಿಸಿಕೊಂಡ.

ಉದುರಿಹೋದದ್ದು ‘ಚಂದ್ರ’ ಮಾತ್ರವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದರ ಹಿಂದಿನ ‘ಗುಡಿಗಾರ’ನೂ ಉದುರಿಹೋಗಿದ್ದ. ಅವನನ್ನು ಸುಡುತ್ತಿದ್ದದ್ದು ಅದೇ. ಗುಡಿಗಾರರೆಂದರೆ ಗಂಧದ ಕೊರಡಿನಲ್ಲಿ ಆನೆ ಅಂಬಾರಿ ಕೆತ್ತುವವರು, ಬೆಂಡಿನಲ್ಲಿ ಮದುಮಕ್ಕಳ ಹಣೆಗೆ ಬಾಸಿಂಗ ಮಾಡುವವರು, ಊರೂರಿನ ಮಾರಮ್ಮನಿಗೆ ಮರದ ಮೈ ಕೊಡುವವರು. ಅಂಥವನ ಕೈ ಈಗ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿತ್ತು.

ಹುಡುಗನಾಗಿದ್ದಾಗ ತಂದೆ ಚಿಕ್ಕಣ್ಣನ ಜೊತೆ ಅವನು ಒಂದು ಊರಿಗೆ ಹೋಗಿದ್ದ. ಅಲ್ಲಿನ ಮಾರಮ್ಮನಿಗೆ ಗೆದ್ದಲು ಹಿಡಿದು ಒಂದು ಕೈ ಉದುರಿತ್ತು. ಚಿಕ್ಕಣ್ಣ ಒಪ್ಪತ್ತು ಉಂಡು, ನೆಲದ ಮೇಲೆ ಮಲಗಿ, ಹೊಸ ಅಮ್ಮನನ್ನು ಕೆತ್ತಿದ. ಪೂಜಾರಿ ಹಳೆಯದರ ಜೀವಕಳೆಯನ್ನು ನೀರು ತುಂಬಿದ ಕೊಡಕ್ಕೆ ಇಳಿಸಿಕೊಂಡು ಹೊಸದಕ್ಕೆ ಎರೆದ. ಎಲ್ಲ ಮುಗಿದ ಮೇಲೆ, ಎದುರಿಗೆ ಕನ್ನಡಿ ಹಿಡಿಸಿ, ಚಿಕ್ಕಣ್ಣ ಕಣ್ಣು ಬಿಡಿಸಿದ. ದೇವರ ಮೊದಲ ನೋಟ ಮನುಷ್ಯರ ಮೇಲೆ ಬಿದ್ದರೆ ತಡೆಯುವುದು ಕಷ್ಟ, ಅದು ತನ್ನ ಮೇಲೆಯೇ ಬೀಳಬೇಕು. ಆಮೇಲೆ ಹಳೆಯ ಅಮ್ಮನನ್ನು ತಮಟೆ ಬಡಿಯುತ್ತಾ ಒಯ್ದು ಹೊಳೆಗೆ ಬಿಟ್ಟರು. ದಂಡೆಯ ಮೇಲೆ ಊರಗೌಡ ಚಿಕ್ಕಣ್ಣನಿಗೆ ಶಾಲು ಹೊದಿಸಿ ಕೈಮುಗಿದ.

“ಮುರಿದು ಭಿನ್ನ ಆಗಿದ್ದನ್ನ ಮನೇಲಿ ಇಡಬಾರದು ಮಗಾ, ಇನ್ನೊಬ್ರ ಕೈಗೂ ಕೊಡಬಾರದು. ನೀರಿಗೆ ಬಿಡಬೇಕು. ಹೊಸದು ಮಾಡಿ ಕೊಡೋದೇ ನಮ್ಮ ಧರ್ಮ” ಎಂದು ವಾಪಸು ಬರುವಾಗ ಅಪ್ಪ ಹೇಳಿದ್ದ. ಜೀರ್ಣೋದ್ಧಾರ ಎಂಬ ಮಾತು ಹೇಮಚಂದ್ರನ ಕಿವಿಗೆ ಬಿದ್ದದ್ದು ಅಂದೇ. ಮರದಿಂದ ದೇವರನ್ನು ಮಾಡಿದವನಿಗೆ ಗೌಡನೂ ಕೈಮುಗಿಯುತ್ತಾನೆ ಎಂಬುದು ಕಣ್ಣಿಗೆ ಬಿದ್ದದ್ದೂ ಅಂದೇ. ಆ ಶಾಲು ಅವನ ತಲೆಯಿಂದ ಇಳಿಯಲೇ ಇಲ್ಲ.

ದೊಡ್ಡವನಾಗಿ ಅವನು ಕರಕುಶಲ ತರಬೇತಿ ಕೇಂದ್ರದಲ್ಲಿ ಮೇಷ್ಟ್ರಾದ. ಅದೇ ಜಾತಿಯ, ಡಾಕ್ಟರಿಕೆ ಓದಿದ ವಿನೋದಿನಿ ಅವನನ್ನು ಒಪ್ಪಿ ಮದುವೆಯಾದಳು. ಅವಳಿಗೆ ಡ್ರೋಹೆಡಾದ ದೊಡ್ಡಾಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಕೈಮಗುವಾಗಿದ್ದ ಮಗಳು ಮಾನ್ಯಾಳನ್ನು ಎತ್ತಿಕೊಂಡು, ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವನೂ ಬಂದ. ವಿನೋದಿನಿ ಕೆಟ್ಟವಳಲ್ಲ. ಗಂಡ ಎಂದರೆ ಅವಳಿಗೆ ಪ್ರೀತಿಯೂ ಇತ್ತು. ಆದರೆ ಒಮ್ಮೆ ಆಸ್ಪತ್ರೆಯ ಸ್ನೇಹಿತೆಯ ಮುಂದೆ, “ಕೆತ್ತನೆ ಇವರ ಹಾಬಿ” ಅಂದಳು. ಅವಳೇನೋ ಹೊಗಳಿಯೇ ಅಂದದ್ದು. ಇವನಿಗೆ ಕೆನ್ನೆಗೆ ಹೊಡೆದಂತಾಯಿತು. ತಲೆತಲಾಂತರದಿಂದ ಅನ್ನ ಕೊಟ್ಟದ್ದು ಸಮುದ್ರ ದಾಟಿದ್ದೇ ತಡ ಹಾಬಿಯಾಯಿತು!

ಕನ್ನಡದವರು ಸೇರಿದಲ್ಲಿ ಇನ್ನೊಂದು ಕಥೆ. ಅಲ್ಲಿ ಅವನು ‘ಡಾಕ್ಟರ್ ವಿನೋದಿನಿಯವರ ಹಸ್ಬೆಂಡ್’. ಗಣೇಶನ ಹಬ್ಬ ಬಂದಾಗ ಮಾತ್ರ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರಿಗೆ ಅವನ ನೆನಪಾಗುತ್ತಿತ್ತು. “ಹೇಮಚಂದ್ರ ಅವ್ರೇ, ಥರ್ಮೋಕೋಲ್‌ನಲ್ಲಿ ಒಂದು ಮಂಟಪ ಮಾಡ್ಕೊಡಿ, ನಿಮ್ ಕೈಯಲ್ಲಿ ಅದು ಐದು ನಿಮಿಷದ ಕೆಲ್ಸ” ಎನ್ನುತ್ತಿದ್ದರು. ಅವನು ರಜೆ ಹಾಕಿ ಕೂತು, ಕಂಬಕ್ಕೆ ಬಳ್ಳಿ, ಬಳ್ಳಿಗೆ ಹೂವು, ಹೂವಿಗೆ ಎಸಳು ಬಿಡಿಸಿ ಒಯ್ದರೆ ಅವರು ಅದರ ಮೇಲೆ ಮಿಣುಕುವ ಬ್ಯಾಟರಿ ದೀಪದ ಸರ ಸುತ್ತಿ, ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಹಬ್ಬ ಮುಗಿದ ಮೇಲೆ ಮಂಟಪ ಕಸದ ಡಬ್ಬಿಗೆ. ಅವನದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವ ಬಾಳಾಗಿತ್ತು. ತನ್ನ ಕೈ ಗುಡಿಗಾರನ ಕೈ ಎಂದು ಈ ದೇಶದಲ್ಲಿ ಒಬ್ಬರಾದರೂ ತಿಳಿದು ಸಾಯಲಿ ಎಂಬುದೊಂದೇ ಅವನ ಆಸೆಯಾಗಿ ಉಳಿಯಿತು. ಸಣ್ಣ ಆಸೆಯೇ. ಮನುಷ್ಯನನ್ನು ಹಾಳುಮಾಡುವುದು ಇಂಥ ಸಣ್ಣ ಆಸೆಗಳೇ.

ಆ ಆಸೆಗೆ ಬಾಗಿಲು ತೆರೆದವಳು ಪಕ್ಕದ ಮನೆಯ ನೋರೀನ್. ಎಂಬತ್ತು ದಾಟಿದ ವಿಧವೆ. ಒಂದು ಮಧ್ಯಾಹ್ನ ಅವಳ ಮನೆಯ ಸೋರುವ ನಲ್ಲಿ ಬಿಗಿಮಾಡಲು ಹೋದ ಹೇಮಚಂದ್ರ, ಬೆಂಕಿಗೂಡಿನ ಮೇಲಿನ ಹಲಗೆಯತ್ತ ನೋಡಿ ಹಾಗೇ ನಿಂತ. ಅಲ್ಲಿ ಎರಡು ಮೂರ್ತಿಗಳಿದ್ದವು. ಒಂದು ಕಿರೀಟ ತೊಟ್ಟ ಬಾಲ ಏಸು. ಕುತ್ತಿಗೆಗೆ ಮುರಿದು ಗೋಂದಿನಿಂದ ಅಂಟಿಸಿದ್ದರು. ಇನ್ನೊಂದು ಮಸಿಗಪ್ಪು ಮರದ ಅರ್ಧಮೈಯ ಮನುಷ್ಯ. ಮೊಳದುದ್ದವೂ ಇಲ್ಲ. ಮುಂದಕ್ಕೆ ಚಾಚಿದ ದೊಡ್ಡ ಮೋರೆ, ಗಲ್ಲದ ಕೆಳಗೆ ಎರಡೂ ಕೈಗಳಲ್ಲಿ ಹಿಡಿದ ಒಂದು ಪುಟ್ಟ ಹಕ್ಕಿ. ಕೆನ್ನೆಯ ಉದ್ದಕ್ಕೂ ಮುತ್ತಿನಂತೆ ಹೊಳೆಯುವ ಚಿಪ್ಪಿನ ಚೂರುಗಳ ಸಾಲು, ಕಣ್ಣಿಗೂ ಚಿಪ್ಪಿನ ಬಿಲ್ಲೆ. ಕೆಳದವಡೆ ಸೀಳಿತ್ತು, ಒಂದು ಕಿವಿ ಇರಲಿಲ್ಲ, ಬೆನ್ನಿನ ತುಂಬ ಹುಳು ಕೊರೆದ ತೂತು. ಆದರೂ ಆ ಮೋರೆಯನ್ನು ಬಿಡಿಸಿದವನು ಕಸುಬುದಾರ ಎನ್ನುವುದು ಹೇಮಚಂದ್ರನಿಗೆ ಒಂದೇ ನೋಟಕ್ಕೆ ತಿಳಿಯಿತು. ಎಷ್ಟೋ ವರ್ಷಗಳ ಮೇಲೆ ತನ್ನ ಕುಲದವನೊಬ್ಬ ಎದುರಿಗೆ ಸಿಕ್ಕಂತಾಯಿತು.

“ನನ್ನ ಗಂಡನ ತಾತ ಹಡಗಿನ ಕ್ಯಾಪ್ಟನ್. ಸೊಲೊಮನ್ ದ್ವೀಪಗಳಿಂದ ಕೊಬ್ಬರಿ ಸಾಗಿಸ್ತಿದ್ದ. ಅಲ್ಲಿಂದ ಎತ್ಕೊಂಡು ಬಂದದ್ದು. ಕೊಂಡನೋ, ಕದ್ದನೋ ದೇವರಿಗೇ ಗೊತ್ತು” ಎಂದಳು ನೋರೀನ್. ಅದರ ಹೆಸರು ನುಸುನುಸು ಅಂತೆ. ಅಲ್ಲಿನವರು ಯುದ್ಧದ ದೋಣಿಯ ಮೂತಿಗೆ, ನೀರಿಗೆ ಗಲ್ಲ ತಾಗುವ ಹಾಗೆ, ಇದನ್ನು ಕಟ್ಟುತ್ತಿದ್ದರಂತೆ. ನೀರಿನೊಳಗೆ ಅಡಗಿದ ಬಂಡೆಯನ್ನೂ ದೆವ್ವವನ್ನೂ ಮೊದಲು ನೋಡುವುದು ಇದರ ಕೆಲಸ. ಸಾಯುವ ಮೊದಲು ಅವರದನ್ನು ಅವರಿಗೆ ಕೊಟ್ಟುಬಿಡಬೇಕೆಂದು ನೋರೀನ್ ಮ್ಯೂಸಿಯಮ್ಮಿನವರನ್ನು ಹಿಡಿದು ಹುಡುಕಿಸಿದ್ದಳು. ಮೂರ್ತಿ ಸೇರಿದ್ದ ದ್ವೀಪದ ಮನೆತನದ ರೂತ್ ಎಂಬ ಹೆಂಗಸು ವಸಂತ ಮುಗಿಯುವುದರೊಳಗೆ ಬಂದು ಒಯ್ಯುವುದೆಂದು ಗೊತ್ತಾಗಿತ್ತು.

“ಊರಿಗೆ ಹೋಗೋ ಮುಂಚೆ ಇವನನ್ನ ಸ್ವಲ್ಪ ಡೂ ಅಪ್ ಮಾಡ್ತೀಯಾ ಹೇಮಾ? ನೀನು ಮರದ ಕೆಲ್ಸ ಬಲ್ಲವನು ಅಂತ ನಿನ್ನ ಹೆಂಡ್ತಿ ಹೇಳ್ತಿದ್ಲು.”

ಡೂ ಅಪ್! ಆ ಬೀದಿಯಲ್ಲಿ ಅವನು ದಿನಕ್ಕೊಮ್ಮೆ ಕೇಳುತ್ತಿದ್ದ ಮಾತು ಅದು. ಎದುರುಮನೆಯವರು ಅಡುಗೆಮನೆ ಡೂ ಅಪ್ ಮಾಡಿದಾಗ ಹಳೆಯ ಕಪಾಟು, ಕಲ್ಲು, ನಲ್ಲಿ ಎಲ್ಲವನ್ನೂ ಕಿತ್ತು ಮನೆಯ ಮುಂದಿನ ಕಬ್ಬಿಣದ ತೊಟ್ಟಿಗೆ ಎಸೆದು, ಹೊಸದು ತಂದು ಕೂರಿಸಿದ್ದರು. ಮೂಲೆಮನೆಯವರು ಗೋಡೆಗಳನ್ನಷ್ಟೇ ಬಿಟ್ಟು ಉಳಿದದ್ದೆಲ್ಲ ಹೊಸದು ಮಾಡಿದ್ದರು. ಡೂ ಅಪ್ ಎಂದರೆ ಏನೆಂದು ಹೇಮಚಂದ್ರನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ಭಾಷೆಯಲ್ಲಿ ಅದಕ್ಕೆ ದೊಡ್ಡ ಹೆಸರೇ ಇತ್ತು.

ಬಾಲ ಏಸುವಿನ ಕಡೆ ಕೈ ತೋರಿಸಿ ಒಂದು ಮಾತು ಮಾತ್ರ ಅವನು ಕೇಳಿದ. “ಆ ದೇವರ ಕುತ್ತಿಗೆ ಮುರಿದಿದೆಯಲ್ಲ, ಅದನ್ನ ಯಾಕೆ ಮನೇಲಿ ಇಟ್ಕೊಂಡಿದ್ದೀರಿ?”

ನೋರೀನ್ ನಕ್ಕಳು. “ಅಯ್ಯೋ, ಅವನ ತಲೆ ತಾನಾಗಿ ಮುರಿದ್ರೇ ಮನೆಗೆ ಒಳ್ಳೇದು ಅಂತಾರೆ ನಮ್ಮಲ್ಲಿ. ಅಂಟಿಸಿ ಇಟ್ಟರೆ ಆಯ್ತು, ಗ್ರಾಂಡ್!”

ಇಂಥ ಅನಾಚಾರವೂ ಉಂಟೇ ಎಂದು ಅವನು ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡ. ಮುದುಕಿ ಆ ಮಾತಿನಲ್ಲಿ ತನ್ನ ಬಯಕೆಯನ್ನೆಲ್ಲ ಹೇಳಿಬಿಟ್ಟಿದ್ದಳು. ಅವಳಿಗೆ ಬೇಕಾದದ್ದು ನಾಲ್ಕು ಹನಿ ಗೋಂದು. ಆದರೆ ಕೇಳುವವನ ಕಿವಿಯಲ್ಲಿ ಆಗಲೇ ತಮಟೆ ಬಡಿಯುತ್ತಿತ್ತು.

ಮೂರ್ತಿಯನ್ನು ತನ್ನ ಮನೆಗೆ ಒಯ್ದು ಚಳಿಗಾಲವಿಡೀ ಅವನು ಹಿತ್ತಲಿನ ಶೆಡ್ಡಿನಲ್ಲಿ ಕೂತ. ಬಿರುಗಾಳಿಗೆ ಬಿದ್ದ ಲೈಮ್ ಎಂಬ ಮರದ ತುಂಡೊಂದನ್ನು ಸಂಪಾದಿಸಿದ. ಹೆಸರು ಕೇಳಿ ನಿಂಬೆ ಅಂದುಕೊಳ್ಳಬೇಡಿ, ಉಳಿಗೆ ಒಲಿಯುವ ಬೇರೆಯೇ ಒಂದು ಮೆದು ಮರ ಅದು. ಗೋದಾಮಿನಿಂದ ಬಂದವನೇ ಸ್ನಾನ ಮಾಡಿ ಶೆಡ್ಡು ಸೇರುತ್ತಿದ್ದ. ಒಪ್ಪತ್ತು ಉಂಡ. ನಡುಮನೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದ. ವಿನೋದಿನಿ ಮೊದಲು ನಕ್ಕಳು, ಆಮೇಲೆ ಸಕ್ಕರೆ ಕಾಯಿಲೆಯ ಹೆಸರು ಹೇಳಿ ಹೆದರಿಸಿದಳು. ಕೊನೆಗೆ ಒಂದು ದಿನ ಶೆಡ್ಡಿಗೆ ಬಂದು, ಅರ್ಧ ಮೂಡಿದ ಮೋರೆಯನ್ನು ನೋಡಿ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಹಾಬಿ ಎನ್ನುವ ಮಾತು ಆಮೇಲೆ ಅವಳ ಬಾಯಿಂದ ಬರಲಿಲ್ಲ.

ಹಳೆಯದರ ಒಂದೊಂದು ಗೆರೆಯನ್ನೂ ಬೆರಳಿನಲ್ಲಿ ಓದಿ ಅವನು ಹೊಸದಕ್ಕೆ ಇಳಿಸಿದ. ಇಲ್ಲದ ಕಿವಿಯನ್ನು ಇದ್ದ ಕಿವಿ ನೋಡಿ ಕೆತ್ತಿದ. ದವಡೆಯನ್ನು ಕೂಡಿಸಿದ. ಹಗ್ಗ ಹಾಯಿಸುವ ತೂತುಗಳು ಅಂಚು ಸವೆದು ಒಂದು ಕಡೆಗೆ ಜಗ್ಗಿದ್ದವು. ಅವನ್ನು ದುಂಡಗೆ ಮಾಡಿದ. ಗಲ್ಲದ ಕೆಳಗೆ ಹೆಬ್ಬೆರಳು ಕೂರುವಷ್ಟು ಅಗಲದ ಒಂದು ಗುಳಿ ಬಿದ್ದಿತ್ತು. ಎಲ್ಲಿಗೋ ತಾಗಿ ನಜ್ಜಾಗಿರಬೇಕು ಅಂದುಕೊಂಡು, ಹೊಸದರಲ್ಲಿ ಗಲ್ಲವನ್ನು ತುಂಬಿಕೊಂಡಂತೆ ನಯವಾಗಿ ತೀಡಿದ. ಎಳ್ಳೆಣ್ಣೆ ದೀಪದ ಕಾಡಿಗೆ ಹಿಡಿದು ಮೈಗೆಲ್ಲ ಬಳಿದ. ಹಳೆಯ ಮೈಯಿಂದ ಚಿಪ್ಪಿನ ಚೂರುಗಳನ್ನು ಬಿಸಿಬಟ್ಟೆ ಇಟ್ಟು ನಿಧಾನವಾಗಿ ಬಿಡಿಸಿ, ಎಂದೂ ಬೀಳದ ಹಾಗೆ ಅರಗಿನಲ್ಲಿ ಹೊಸದಕ್ಕೆ ಕೂರಿಸಿದ. ಕಣ್ಣುಗಳನ್ನು ಮಾತ್ರ ಕೊನೆಗೆ ಇಟ್ಟುಕೊಂಡ.

ಮಾನ್ಯಾಳಿಗೆ ಆಗ ಹತ್ತು ವರ್ಷ. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ಡ್ರೋಹೆಡಾದ ರಾಗದ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಅವಳು ಎರಡೂ ಮೂರ್ತಿಗಳನ್ನು ನೋಡಿ, “ನೋರೀನ್ ಬರೀ ಫಿಕ್ಸ್ ಮಾಡು ಅಂದಿದ್ದಲ್ವಾ ಡ್ಯಾಡ್? ಎರಡನೇದು ಯಾಕೆ?” ಎಂಬರ್ಥದ್ದೇನೋ ಅಂದಳು.

“ನಿಂಗೆ ಗೊತ್ತಾಗಲ್ಲ ಪುಟ್ಟಿ. ಮುರಿದಿದ್ದನ್ನ ಯಾರಿಗಾದ್ರೂ ಕೊಡ್ತಾರಾ? ಅವ್ರಿಗೆ ಅವಮಾನ ಅಲ್ವಾ? ಹೋಗು, ನಿನ್ನ ಕನ್ನಡಿ ತಗೊಂಡ್ ಬಾ.”

ಅವಳು ತನ್ನ ಗುಲಾಬಿ ಬಣ್ಣದ ಪುಟ್ಟ ಕನ್ನಡಿ ತಂದು ಹಿಡಿದಳು. ತಾಮ್ರದ ಚೊಂಬಿನ ನೀರನ್ನು ಹಳೆಯದಕ್ಕೆ ಮುಟ್ಟಿಸಿ ಹೊಸದಕ್ಕೆ ಎರೆದು, ಪೂಜಾರಿಯ ಮಂತ್ರ ಬಾರದಿದ್ದುದಕ್ಕೆ ತಪ್ಪಾಯಿತೆಂದು ಬೇಡಿಕೊಂಡು, ಹೇಮಚಂದ್ರ ಚಿಪ್ಪಿನ ಬಿಲ್ಲೆಗಳನ್ನು ಕೂರಿಸಿ ಕಣ್ಣು ಬಿಡಿಸಿದ. ಅವನ ಕೈ ತಪ್ಪಲಿಲ್ಲ. ಮೋರೆಗೆ ಜೀವ ಬಂತು. ಅದರಲ್ಲಿ ಯಾವ ಅನುಮಾನವೂ ಬೇಡ, ಅಷ್ಟು ಒಳ್ಳೆಯ ಕೆಲಸವನ್ನು ಚಿಕ್ಕಣ್ಣನೂ ಮಾಡಿರಲಿಲ್ಲ. ಕೆಲಸ ಕೆಟ್ಟಿದ್ದರೆ ಈ ಕಥೆ ಇಷ್ಟು ಕಹಿಯಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಬಾಯ್ನ್ ನದಿ ಕಡಲು ಸೇರುವ ಕಡೆಗೆ ಹೋದರು. ಇಳಿತದ ಹೊತ್ತು. ವಿನೋದಿನಿ ಹಳೆಯದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿದಳು. ಚಿಪ್ಪು ಕಿತ್ತ ಜಾಗದಲ್ಲಿ ಬರಿಯ ಗುಳಿಗಳಿದ್ದವು. ಹೇಮಚಂದ್ರ ಮೊಣಕಾಲು ನೀರಿಗೆ ಇಳಿದು ಅದನ್ನು ತೇಲಿಬಿಟ್ಟ. ಮಣ್ಣಿನ ಗಣಪನಂತೆ ಅದು ಮುಳುಗಲಿಲ್ಲ. ಒಮ್ಮೆ ತಿರುಗಿ, ಮೋರೆಯನ್ನು ಮುಂದೆ ಮಾಡಿಕೊಂಡು, ಗಲ್ಲ ನೀರಿಗೆ ತಾಗಿಸಿಕೊಂಡು ಕಡಲಿನ ಕಡೆಗೆ ಹೊರಟಿತು. ದಾರಿ ಗೊತ್ತಿದ್ದವರ ಹಾಗೆ ಹೋಗುತ್ತಿದೆಯಲ್ಲ ಎಂದು ಅವನು ಹಿಗ್ಗಿದ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ ಏನೂ ತಿಳಿಯದೆ ಕೈ ಬೀಸಿದ.

“ನಿಮ್ಮಪ್ಪ ಇರ್ಬೇಕಿತ್ತು ಕಣ್ರೀ, ನೋಡೋಕೆ” ಎಂದಳು ವಿನೋದಿನಿ. ಅವಳ ಕಣ್ಣು ಒದ್ದೆಯಾಗಿತ್ತು. ಐರ್ಲೆಂಡಿಗೆ ಬಂದ ಮೇಲೆ ಹೇಮಚಂದ್ರ ಪೂರ್ತಿ ಸುಖವಾಗಿದ್ದ ಒಂದು ಗಳಿಗೆಯೆಂದರೆ ಅದೇ.

ಕೊಡುವ ದಿನ ನೋರೀನಳ ನಡುಮನೆಯಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಸ್ಯಾಂಡ್‌ವಿಚ್ಚು, ಚಹಾ. ಹೇಮಚಂದ್ರ ಮದುವೆಯ ರೇಷ್ಮೆ ಶರ್ಟು ಹಾಕಿದ್ದ. ಹೊಸ ಮೂರ್ತಿಯನ್ನು ಹಿಂದಿನ ಸಂಜೆಯೇ ಬಟ್ಟೆ ಹೊದಿಸಿ ಹಲಗೆಯ ಮೇಲೆ ಇಟ್ಟುಹೋಗಿದ್ದ. ಬಟ್ಟೆ ತೆಗೆದಾಗ ನೋರೀನ್ ಕನ್ನಡಕ ಸರಿಮಾಡಿಕೊಂಡು ನೋಡಿ, “ಅಬ್ಬಾ ಹೇಮಾ, ಗುರುತೇ ಸಿಗಲ್ವಲ್ಲೋ! ಗ್ರಾಂಡ್ ಜಾಬ್!” ಎಂದು ಬೆನ್ನು ತಟ್ಟಿದಳು. ಬಂದವರೆಲ್ಲ ಹೊಗಳಿದರು. ಗುರುತೇ ಸಿಗುವುದಿಲ್ಲ ಎಂಬುದರ ಅರ್ಥ ಒಬ್ಬರಿಗೂ ಹೊಳೆಯಲಿಲ್ಲ.

ರೂತ್ ಬಂದಳು. ನಡುವಯಸ್ಸಿನ, ಗಟ್ಟಿ ಮೈಯ, ಗುಂಗುರು ಕೂದಲಿನ ಹೆಂಗಸು. ಅವಳ ಹಣೆಯ ಮೇಲೆ ಒಂದು ಬಿಳಿ ಚಿಪ್ಪಿನ ಬಿಲ್ಲೆ, ಅದರ ಮೇಲೆ ಆಮೆಚಿಪ್ಪನ್ನು ಜಾಲರಿಯಂತೆ ಕೊರೆದು ಕೂರಿಸಿದ ಕಂದು ಹೂವು, ಹಿಂದಕ್ಕೆ ದಾರ ಕಟ್ಟಿತ್ತು. ಹೇಮಚಂದ್ರನಿಗೆ ತಡೆಯಲಾಗಲಿಲ್ಲ. “ಬಾಸಿಂಗ!” ಎಂದು ಕೂಗಿಯೇಬಿಟ್ಟ. ಆಮೇಲೆ ನಾಚಿ, ತನ್ನೂರಲ್ಲಿ ಮದುಮಕ್ಕಳ ಹಣೆಗೆ ಹೀಗೇ ಕಟ್ಟುತ್ತಾರೆ, ಅದನ್ನು ಮಾಡುವವರು ತಾವೇ ಎಂದು ಹರುಕು ಮುರುಕಾಗಿ ವಿವರಿಸಿದ.

ರೂತ್ ಅವನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು. ಉಳಿಯ ಜಡ್ಡುಗಳನ್ನು ಮುಟ್ಟಿದಳು. “ನನ್ನ ತಾತನ ಕೈಯೂ ಹೀಗೇ ಇತ್ತು. ದೊಡ್ಡ ಮೂರ್ತಿಗಾರ. ಇದನ್ನ ರಿಪೇರಿ ಮಾಡಿದವರು ನೀವೇನಾ?” ಎಂದಳು. ಚೀಲದಿಂದ ಚಿಪ್ಪಿನಲ್ಲಿ ಕಡೆದ ಒಂದು ದಪ್ಪ ಬಿಳಿಯ ಬಳೆಯನ್ನು ತೆಗೆದು ಮೇಜಿನ ಮೇಲಿಟ್ಟಳು. “ನಮ್ಮಲ್ಲಿ ಇಂಥ ಕೆಲಸ ಮಾಡಿದವರಿಗೆ ಇದನ್ನ ಕೊಡಬೇಕು. ಎಲ್ಲರ ಎದುರಿಗೇ ಕೊಡಬೇಕು.”

ಹೇಮಚಂದ್ರ ಹೆಂಡತಿಯ ಕಡೆ ನೋಡಿದ. ಶಾಲು ಬಂದಿತ್ತು, ಬಳೆಯ ರೂಪದಲ್ಲಿ. ಅವನ ಕೈ ಎಂಥದೆಂದು ತಿಳಿಯಬೇಕಾಗಿದ್ದ ಆ ಒಬ್ಬರು ಭೂಮಿಯ ಇನ್ನೊಂದು ತುದಿಯಿಂದ ಬಂದು ಎದುರಿಗೆ ನಿಂತಿದ್ದರು.

ರೂತ್ ಮೂರ್ತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಮಗುವನ್ನು ಎತ್ತಿದ ಹಾಗೆ ಮೂಗಿನ ಹತ್ತಿರ ತಂದು ಮೂಸಿದಳು. ಅವಳ ನಗು ಅಲ್ಲೇ ನಿಂತಿತು. ಬಲಗೈ ಹೆಬ್ಬೆರಳನ್ನು ಗಲ್ಲದ ಕೆಳಗೆ ಇಟ್ಟಳು. ಹೆಬ್ಬೆರಳು ಜಾರಿತು. ಮತ್ತೆ ಇಟ್ಟಳು, ಅದು ಮತ್ತೆ ಜಾರಿತು. ಕುರುಡರು ಬಾಗಿಲ ಚಿಲಕ ತಡಕುವ ಹಾಗೆ ಅವಳ ಬೆರಳು ಆ ನುಣುಪಾದ ಗಲ್ಲದ ಮೇಲೆಲ್ಲ ತಡಕಾಡಿತು.

“ಇಲ್ಲೊಂದು ಗುಳಿ ಇರಬೇಕಿತ್ತು” ಎಂದಳು ಮೆಲ್ಲಗೆ. “ದೋಣಿ ಹೊರಡೋ ಮುಂಚೆ ನಮ್ಮ ಮನೆಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಇವನ ಗಲ್ಲ ಸವರೋರು, ನಮ್ಮ ಗಂಡಸರನ್ನ ವಾಪಸ್ ಕರ್ಕೊಂಡು ಬಾ ಅಂತ. ಸವರಿ ಸವರಿ ಬಿದ್ದ ಗುಳಿ. ನನ್ನಜ್ಜಿ ಅವಳ ಅಜ್ಜಿಯಿಂದ ಕೇಳಿದ್ದಳು. ಅವನು ಸಿಕ್ಕರೆ ನಿನ್ನ ಹೆಬ್ಬೆರಳಿಗೇ ಗೊತ್ತಾಗುತ್ತೆ ಅಂತ ಹೇಳಿ ಸತ್ತಳು.” ಅವಳು ತಲೆಯೆತ್ತಿ ಹೇಮಚಂದ್ರನನ್ನು ನೋಡಿದಳು. “ಇವನು ಅವನಲ್ಲ. ಅವನೆಲ್ಲಿ?”

ಹೇಮಚಂದ್ರನಿಗೆ ಆಗಲೂ ಪೂರ್ತಿ ತಿಳಿಯಲಿಲ್ಲ. ಪಾಪ, ಅವನು ಸಮಾಧಾನ ಹೇಳಲು ಹೋದ. “ಇವನೇ ಅವನು. ಅವನ ಜೀವವನ್ನ ಇವನಿಗೆ ಕೊಟ್ಟಿದ್ದೀನಿ. ಹಳೇ ಮೈ ಹಾಳಾಗಿತ್ತು. ಅದನ್ನ ಗೌರವವಾಗಿ ನದಿಗೆ ಬಿಟ್ಟೆವು, ನಮ್ಮ ದೇವರನ್ನ ಬಿಡೋ ಹಾಗೇನೇ” ಎಂದ. ಅರ್ಧ ಹೇಳುವಷ್ಟರಲ್ಲಿ ಅವನ ಧ್ವನಿ ಅವನಿಗೇ ಬೇರೆಯವರದ್ದಾಗಿ ಕೇಳಿಸತೊಡಗಿತು.

“ನದಿಗೆ?” ನೋರೀನ್ ಕುರ್ಚಿಯ ಕೈ ಹಿಡಿದು ಎದ್ದಳು. “ಓ ದೇವರೇ! ನಾನು ಡೂ ಅಪ್ ಮಾಡು ಅಂದೆ ಹೇಮಾ, ಸ್ವಲ್ಪ ಗೋಂದು ಹಾಕು ಅಂತ! ನದಿಗೆ ಎಸಿ ಅಂದ್ನಾ? ನದಿಗೆ?” ಅವಳು ಎಳೆಮಗುವಿನ ಹಾಗೆ ಅತ್ತಳು. ಬದುಕಿನ ಕೊನೆಯಲ್ಲಿ ಮಾಡಬೇಕೆಂದುಕೊಂಡ ಒಂದು ಒಳ್ಳೆಯ ಕೆಲಸ ಹೀಗಾದರೆ ಯಾರಾದರೂ ಅಳುತ್ತಾರೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ನಮ್ಮವರು ನಗೆಯಾಡುತ್ತಾರಲ್ಲ, ಆ ನಡುಮನೆಯಲ್ಲಿ ಆ ಗಾದೆ ಮೈತಾಳಿ ನಿಂತಿತ್ತು. ನಗುವವರು ಮಾತ್ರ ಯಾರೂ ಇರಲಿಲ್ಲ.

ರೂತ್ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನು ಕಾಲಿಗೆ ಬಿದ್ದಾದರೂ ಹಗುರವಾಗುತ್ತಿದ್ದ. ನದಿ ಯಾವ ದಿಕ್ಕಿಗೆ ಹರಿಯುತ್ತದೆ ಎಂದಷ್ಟೇ ಕೇಳಿದಳು. ವಿನೋದಿನಿ ಕಿಟಕಿಯ ಕಡೆ ಕೈ ತೋರಿಸಿದಳು. ರೂತ್ ಅತ್ತ ತಿರುಗಿ ನೋಡಿದಳು. ಆಮೇಲೆ ಹಣೆಯ ಬಿಲ್ಲೆಯ ದಾರ ಬಿಚ್ಚಿ, ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಮೇಜಿನ ಮೇಲಿನ ಬಳೆಯನ್ನೂ ತೆಗೆದು ಒಳಗಿಟ್ಟಳು.

“ಈ ಚಿಪ್ಪುಗಳು ನಮ್ಮವು” ಎಂದಳು. “ಮರ ನಿಮ್ಮದು. ಚಿಪ್ಪು ತೆಗೆದು ಕೊಡಿ.”

“ಇಲ್ಲೇನಾ?”

“ಇಲ್ಲೇ. ಬೇರೆಯವರು ತೆಗೆದರೆ ಒಡೆದಾವು.”

ಮಾನ್ಯಾ ಓಡಿಹೋಗಿ ಉಳಿಗಳ ಸುರುಳಿ ತಂದಳು. ಎಂದೂ ಬೀಳದ ಹಾಗೆ ಅರಗಿನಲ್ಲಿ ಕೂರಿಸಿದ್ದನ್ನು ಹೇಮಚಂದ್ರ ಅಷ್ಟು ಜನರೆದುರು ಕೂತು ಒಂದೊಂದಾಗಿ ಎಬ್ಬಿಸಿದ. ಕೆನ್ನೆಯ ಸಾಲು ಮುಗಿಯಿತು. ಮಿಕ್ಕದ್ದು ಕಣ್ಣು. ಉಳಿಯನ್ನು ರೆಪ್ಪೆಯ ಅಂಚಿಗೆ ಇಟ್ಟವನು ಮೇಲೆ ನೋಡಿದ. ಯಾರಾದರೂ ಬೇಡ ಅಂದಾರು ಎಂದು ಕಾದ. ಯಾರೂ ಅನ್ನಲಿಲ್ಲ. ಕಣ್ಣು ಬಿಡಿಸುವುದನ್ನು ಚಿಕ್ಕಣ್ಣ ಅವನಿಗೆ ಕಲಿಸಿದ್ದ. ಕೀಳುವುದನ್ನು ಗುಡಿಗಾರರ ಯಾವ ತಲೆಮಾರಿನಲ್ಲೂ ಯಾರೂ ಯಾರಿಗೂ ಕಲಿಸಿರಲಿಲ್ಲ. ಅವನ ಕೈ ತಪ್ಪಿತು, ಒಂದು ಬಿಲ್ಲೆಯ ಅಂಚು ಚಿಟ್ಟೆಂದು ಮುರಿಯಿತು. ರೂತ್ ಎರಡು ಚೂರನ್ನೂ ಆರಿಸಿಕೊಂಡಳು. “ಥ್ಯಾಂಕ್ ಯೂ” ಅಂದಳು. ಅದು ಶಿಷ್ಟಾಚಾರವೇ ಹೊರತು ಬೇರೇನೂ ಆಗಿರಲಿಲ್ಲ.

ಆಮೇಲೆ ಹೇಳುವುದಕ್ಕೆ ಹೆಚ್ಚೇನಿಲ್ಲ. ನೋರೀನ್ ಬೇಲಿಯಾಚೆ ಕಂಡರೂ ಈಗ ಹೇಮಾ ಎಂದು ಕರೆಯುವುದಿಲ್ಲ. ಆ ಹೆಣ್ಣುಹೆಸರಿಗೆ ಅವನು ಹಂಬಲಿಸುವ ಕಾಲವೂ ಬಂತು. ಭಾನುವಾರ ನೀರು ಇಳಿದಾಗ ಅವನು ಬೂಟು ಹಾಕಿಕೊಂಡು ಬಾಯ್ನ್ ದಂಡೆಯ ಕೆಸರಿನಲ್ಲಿ ಮೈಲುಗಟ್ಟಲೆ ನಡೆಯುತ್ತಾನೆ. ಕಪ್ಪು ಕೊರಡು ಕಂಡಲ್ಲೆಲ್ಲ ಬಗ್ಗಿ, ತಿರುಗಿಸಿ, ಗಲ್ಲ ಇರುವ ಕಡೆ ಹೆಬ್ಬೆರಳು ಇಟ್ಟು ನೋಡುತ್ತಾನೆ. ಅದು ದಾರಿ ಗೊತ್ತಿದ್ದವರ ಹಾಗೆ ಹೋಗಿತ್ತು. ಮತ್ತೆ ಸಿಗುವುದಿಲ್ಲವೆಂದು ಅವನಿಗೂ ಗೊತ್ತು.

ಕಣ್ಣಿಲ್ಲದ ಮೂರ್ತಿ ಅವನ ಮನೆಗೇ ಬಂತು. ಬಟ್ಟೆ ಒಗೆಯುವ ಮಿಷನ್ನಿನ ಮೇಲಿನ ಹಲಗೆಯಲ್ಲಿ, ಸೋಪಿನ ಪುಡಿಯ ಡಬ್ಬಿಯ ಪಕ್ಕದಲ್ಲಿ ಅದು ಕೂತಿದೆ. ಅಲ್ಲಿಗೆ ಹೋಗುವಾಗ ಮಾನ್ಯಾ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಾಳೆ. ಹಬ್ಬ ಹತ್ತಿರ ಬಂದಾಗಲೆಲ್ಲ ವಿನೋದಿನಿ ಸಂಕಟದಿಂದ ಅದೇ ಮಾತು ತೆಗೆಯುತ್ತಾಳೆ.

“ರೀ, ಅದು ಭಿನ್ನ ಆಗಿರೋದು. ಮನೇಲಿ ಇಟ್ಕೊಬಾರ್ದು ಅಂತ ನೀವೇ ಹೇಳ್ತಿದ್ರಿ. ಒಂದು ಒಳ್ಳೇ ದಿನ ನೋಡಿ ನೀರ್ಗೆ ಬಿಟ್ಬಿಡೋಣ ರೀ.”

ಮೊನ್ನೆ ಯುಗಾದಿಯ ಹಿಂದಿನ ದಿನವೂ ಅಂದಳು. ಹೇಮಚಂದ್ರ ಮಿಷನ್ನಿನಿಂದ ಗೋದಾಮಿನ ಅಂಗಿಗಳನ್ನು ತೆಗೆದು ಬುಟ್ಟಿಗೆ ಹಾಕುತ್ತಿದ್ದ. ಕೈ ನಿಲ್ಲಿಸದೆ ಹೇಳಿದ:

“ಕಣ್ಣು ಬಿಡಿಸಿದ್ದೂ ನಾನೇ, ಕಿತ್ತಿದ್ದೂ ನಾನೇ. ಇನ್ನು ಹೊಳೆಗೆ ಬಿಡೋಕೆ ನನಗೆ ಕೈ ಬರಲ್ಲ. ಇರ್ಲಿ ಬಿಡು, ಭಿನ್ನ ಆಗಿರೋರು ಒಟ್ಟಿಗೇ ಇರ್ತೀವಿ.”